ಸವತಿಬಳ್ಳಿಯ ವ್ಯಾಧಿಯೂ ನೀರಿನ ಚರಿತ್ರೆಯೂ

ಹೊಸಪೇಟೆಯಿಂದ ಕೊಪ್ಪಳದ ಕಡೆಗೆ ಹೊರಟವನು ತುಂಗಭದ್ರೆಯ ಸೇತುವೆಯನ್ನು ದಾಟಿ, ಮುನಿರಾಬಾದನ್ನೂ ಹುಲಿಗೆಮ್ಮನ ಗುಡಿಗೆ ತಿರುಗುವ ದಾರಿಯನ್ನೂ ಹಿಂದಿಕ್ಕಿದ ಮೇಲೆ ಎದುರಾಗುವ ಹಿಟ್ನಾಳವು, ಒಂದು ಕಡೆ ಮಳೆಯನ್ನೇ ನಂಬಿದ ಮಸಾರಿ ಹೊಲಗಳನ್ನೂ ಇನ್ನೊಂದು ಕಡೆ ಕಾಲುವೆಯನ್ನು ನಂಬಿದ ಗದ್ದೆಗಳ ಸೀಮೆಯನ್ನೂ ಇಟ್ಟುಕೊಂಡು, ಒಣಬೇಸಾಯಕ್ಕೂ ನೀರಾವರಿಗೂ ನಡುವಣ ಹೊಸ್ತಿಲಿನಂತಿರುವ ಊರು. ಜೀವಮಾನವೆಲ್ಲ ಕಾಗದಪತ್ರಗಳ ನಡುವೆ ಕಳೆದು, ನಿವೃತ್ತಿಯ ತರುವಾಯ ಇಲ್ಲಿಯ ಹಿತ್ತಲೊಂದರಲ್ಲಿ ಮೊತ್ತಮೊದಲು ಹನ್ನೆರಡು ಸೌತೆಯ ಬೀಜಗಳನ್ನು ಊರಿದ ನನಗೆ, ಆ ಹೊಸ್ತಿಲಿನ ಅರ್ಥವು ಒಂದು ಎಲೆಯ ಮೂಲಕ ತಿಳಿದುಬಂದಿತು.

ಬಿತ್ತಿ ಇಪ್ಪತ್ತೈದು ದಿನಗಳಾಗಿದ್ದುವು. ಬಳ್ಳಿಯು ಕುಡಿಬಳ್ಳಿಗಳನ್ನು ಚಾಚಿ ಚಪ್ಪರದ ಗಳಗಳನ್ನು ಹಿಡಿಯತೊಡಗಿದ್ದಿತು. ಆಗ ಕೆಳಗಿನ ಎಲೆಗಳ ಅಂಚು, ದೀಪದ ಸೊಡರಿಗೆ ತಾಗಿಸಿದ ಕಾಗದದಂತೆ, ಕಂದಾಗಿ ಸುಟ್ಟು ಒಳಮುಖವಾಗಿ ಮಡಿಚಿಕೊಂಡಿತು. ಹತ್ತು ದಿನಗಳ ಮೇಲೆ ಹೂಗಳು ಬಂದುವು, ಬಂದ ಹೂಗಳೆಲ್ಲ ಉದುರಿಹೋದುವು. ಅನಂತರ ಕಿರುಬೆರಳಿನಷ್ಟು ಮಿಡಿಗಳು ಕಾಣಿಸಿಕೊಂಡು, ಅವೂ ತುದಿಯಿಂದ ಹಳದಿಯಾಗಿ ಸೊರಗಿದುವು. ಅಂಗಡಿಯಾತನು ಎಲೆಯನ್ನು ನೋಡದೆಯೇ ಮೂರು ಸೀಸೆಗಳನ್ನು ಕಟ್ಟಿಕೊಟ್ಟನು. ನಾನೂ ಕೇಳದೆಯೇ ತಂದು ಮೂರನ್ನೂ ಸಿಂಪಡಿಸಿದೆನು. ನೆರೆಮನೆಯ ಅಜ್ಜಿ ಬೇಲಿಯ ಮೇಲಿಂದ ಬಗ್ಗಿ ನೋಡಿ, ಬಳ್ಳಿಯ ಬುಡದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ನಾಲಗೆಗೆ ಸೋಕಿಸಿ, "ತಮ್ಮಾ, ಔಷಧದ ರೋಗ ಅಲ್ಲಪಾ ಇದು. ನೀರು ಹಾಕಿ ಹಾಕಿ ಕೊಂದಿ ನೋಡು. ಮಣ್ಣು ಸವಳಾಗೇದ" ಎಂದಳು.

ಆ ಒಂದು ಮಾತನ್ನು ಹಿಡಿದುಕೊಂಡು ಈ ಸೀಮೆಯ ಸೌತೆಯ ಪೂರ್ವೋತ್ತರವನ್ನು ವಿಚಾರಿಸುತ್ತ ಹೋದಂತೆ, ಬಳ್ಳಿಯ ವ್ಯಾಧಿಗಳ ಚರಿತ್ರೆಯು ಬಹುಮಟ್ಟಿಗೆ ಈ ನೆಲಕ್ಕೆ ನೀರು ಬಂದ ಬಗೆಯ ಚರಿತ್ರೆಯೇ ಆಗಿದೆಯೆಂಬುದು ನನಗೆ ಮನವರಿಕೆಯಾಯಿತು.

ಮೊದಲು ಹೆಸರಿನ ವಿಚಾರ. ದಕ್ಷಿಣದವರು ಸೌತೆಯೆಂದುದನ್ನು ನಮ್ಮ ಕಡೆಯವರು ಸವತಿಕಾಯಿ ಎನ್ನುವರು. ಅದರಿಂದ ಹುಟ್ಟುವ ನಗೆಮಾತುಗಳನ್ನು ಸಂತೆಯಲ್ಲಿ ಮಾರುವ ಹೆಂಗಸರ ಬಾಯಿಂದಲೇ ಕೇಳಬೇಕು. ಸಂಸ್ಕೃತದಲ್ಲಿ ಇದಕ್ಕೆ ತ್ರಪುಸವೆಂದು ಹೆಸರು. ಋಗ್ವೇದದ ಏಳನೆಯ ಮಂಡಲದ ಮೃತ್ಯುಂಜಯ ಮಂತ್ರದಲ್ಲಿ ಬರುವ ಉರ್ವಾರುಕವನ್ನು ಸೌತೆಯೆಂದೇ ಅನೇಕರು ಅರ್ಥೈಸುವುದುಂಟಾದರೂ, ಬಳ್ಳಿಯನ್ನು ಕಣ್ಣಾರೆ ನೋಡಿದವನಿಗೆ ಒಂದು ಸಂಶಯ ಬಾರದಿರದು: ಪಕ್ವವಾದಾಗ ತೊಟ್ಟಿನಿಂದ ತಾನಾಗಿ ಕಳಚಿಕೊಳ್ಳುವುದು ಕೆಕ್ಕರಿಕೆಯ ಜಾತಿಯ ಹಣ್ಣಿನ ಗುಣವೇ ಹೊರತು ಸೌತೆಯ ಗುಣವಲ್ಲ, ಸೌತೆಯು ಹಳದಿಯಾಗಿ, ಕಂದಾಗಿ, ಬಳ್ಳಿಯೇ ಒಣಗಿದ ಮೇಲೂ ತೊಟ್ಟನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಋಷಿಯು ತೋಟವನ್ನು ಬಲ್ಲವನಾಗಿದ್ದನು. ಭಾಷ್ಯಕಾರರ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ. ಅದು ಹೇಗೂ ಇರಲಿ, ಸೌತೆಯ ತವರು ನಮ್ಮ ದೇಶವೇ. ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಬೆಳೆಯುವ, ಕಹಿಯಾದ ಸಣ್ಣ ಕಾಯಿಗಳ ಕಾಡುಬಳ್ಳಿಯೊಂದು ಅದರ ಪೂರ್ವಜ. ನಾಡಸೌತೆಯು ಬಿಸಿಲಿನಲ್ಲಿ ನೀರಿಲ್ಲದೆ ಬಳಲಿದಾಗ ತೊಟ್ಟಿನ ಕಡೆಗೆ ಕಹಿಯಾಗುವುದು ರೋಗವಲ್ಲ, ಆ ಪೂರ್ವಜನ ಸ್ವಭಾವವು ಮರುಕಳಿಸುವುದು. ನಮ್ಮ ಮನೆಗಳಲ್ಲಿ ತೊಟ್ಟಿನ ತುದಿಯನ್ನು ಕೊಯ್ದು ಅದರಿಂದಲೇ ತಿಕ್ಕಿ ನೊರೆ ತೆಗೆಯುವ ರೂಢಿ ಬಂದಿರುವುದು ಈ ಕಹಿಗಾಗಿ.

ಹಿಟ್ನಾಳದ ಸುತ್ತಿನ ಹಳೆಯ ಸವತಿಯು ತೋಟದ ಬೆಳೆಯಾಗಿರಲಿಲ್ಲ, ಹೊಲದ ಬೆಳೆಯಾಗಿದ್ದಿತು. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು, ಅದೂ ನೆಚ್ಚಲಾಗದಂತೆ, ಮಳೆ ಬೀಳುವ ಈ ಸೀಮೆಯಲ್ಲಿ ಜೋಳ, ಸಜ್ಜೆಗಳ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಮಡಿಕೆಗಳೊಡನೆ ನಾಲ್ಕು ಸವತಿಯ ಬೀಜಗಳನ್ನೂ ಕೈಬಿಟ್ಟು ಬಿತ್ತುತ್ತಿದ್ದರು. ಅದಕ್ಕೆ ಪಾತಿಯಿಲ್ಲ, ಚಪ್ಪರವಿಲ್ಲ; ಬಳ್ಳಿಯು ಜೋಳದ ದಂಟುಗಳ ನಡುವೆ ನೆಲದ ಮೇಲೆ ಹರಿದು, ಕಳೆ ತೆಗೆಯುವ ಹೆಂಗಸರ ಮಧ್ಯಾಹ್ನದ ಬುತ್ತಿಗೆ ಒದಗುತ್ತಿದ್ದಿತು. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಆಗಲೇ ಕಿತ್ತು ಸೆರಗಿನಲ್ಲಿ ಒರಸಿ ಕಚ್ಚಿದ ಎಳೆಯ ಸವತಿಕಾಯಿ, ಇವಿಷ್ಟಿದ್ದರೆ ಸಾಕಾಗುತ್ತಿದ್ದ ಊಟವದು. ಮನೆಗೆ ಬಂದ ಕಾಯಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿಗಳೊಡನೆ ಪಚಡಿಯಾಗುತ್ತಿದ್ದಿತು. ಹೊಲದ ಈ ಸವತಿಗೆ ರೋಗವೇ ಬರುತ್ತಿರಲಿಲ್ಲವೆಂದು ಹಿರಿಯರು ಹೇಳುವರು. ಅಷ್ಟನ್ನು ನಾನು ಒಪ್ಪಲಾರೆ. ಆದರೆ ಮಾರಿಗೊಂದರಂತೆ ಚದರಿದ ಬಳ್ಳಿಗಳಲ್ಲಿ ಒಂದಕ್ಕೆ ತಗುಲಿದ ವ್ಯಾಧಿ ಇನ್ನೊಂದನ್ನು ಮುಟ್ಟುವುದು ಕಷ್ಟವೆಂಬುದೂ, ಗಾಳಿಯಾಡುವ ಹೊಲದಲ್ಲಿ ಎಲೆಯ ಮೇಲೆ ಹನಿ ಬಹಳ ಹೊತ್ತು ನಿಲ್ಲುವುದಿಲ್ಲವೆಂಬುದೂ, ಒಂದೇ ನೆಲದಲ್ಲಿ ಮರುವರ್ಷ ಅದೇ ಬಳ್ಳಿ ಬರುತ್ತಿರಲಿಲ್ಲವೆಂಬುದೂ ಆ ಮಾತಿನೊಳಗಿರುವ ಸತ್ಯ.

ಬೀಜವನ್ನು ಕಾಪಾಡುವ ಕ್ರಮವೂ ಇದಕ್ಕೆ ಸಹಾಯಕವಾಗಿದ್ದಿತು. ಬಳ್ಳಿಯಲ್ಲಿ ನೋಡಲು ಚೆಲುವಾದ, ನಡುವಣ ಗೆಣ್ಣಿನ ಒಂದು ಕಾಯಿಯನ್ನು ಹಣ್ಣಾಗಲು ಬಿಟ್ಟು, ಅದರ ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ಸಗಣಿಯ ಕುಳ್ಳಿನಲ್ಲಿ ಒತ್ತಿ ಗೋಡೆಗೆ ತಟ್ಟುತ್ತಿದ್ದರು. ರೋಹಿಣಿ ಮಳೆಯ ಹೊತ್ತಿಗೆ ಕುಳ್ಳನ್ನು ಮುರಿದರೆ ಬೀಜ ಕೈಗೆ ಬರುತ್ತಿದ್ದಿತು. ಸೊರಗಿದ ಬಳ್ಳಿಯ ಕಾಯಿಯನ್ನು ಬೀಜಕ್ಕೆ ಬಿಡುವ ಮಾತೇ ಇರಲಿಲ್ಲವಾದುದರಿಂದ, ಆಯ್ಕೆಯು ತಲೆತಲಾಂತರವಾಗಿ ತನ್ನಷ್ಟಕ್ಕೆ ನಡೆದುಕೊಂಡು ಬಂದಿತು.

ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ ಎಂಬ ನಂಬಿಕೆಯೊಂದು ನಮ್ಮ ನಾಡಿನ ಹಳ್ಳಿಗಳಲ್ಲೆಲ್ಲ ಇದೆ. ತೋರಿಸಲೇಬೇಕಾದರೆ ಬೆರಳನ್ನು ಮಡಿಸಿ ಗೆಣ್ಣಿನಿಂದ ತೋರಿಸುವರು. ನಕ್ಕು ತಳ್ಳಿಬಿಡುವ ಮೊದಲು, ಈ ನಂಬಿಕೆಯನ್ನು ಹುಟ್ಟಿಸಿದ ಅನುಭವ ಯಾವುದೆಂದು ನೋಡಬೇಕು. ಸೌತೆಯ ಒಂದೇ ಬಳ್ಳಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಮೊದಲು ಬರುವುವು ಬಹುತೇಕ ಗಂಡುಹೂಗಳೇ. ಅವು ಉದುರುವುದಕ್ಕಾಗಿಯೇ ಹುಟ್ಟಿದವು. ಅದನ್ನರಿಯದೆ ನಾನು ಒಂದು ಸೀಸೆಯ ಔಷಧವನ್ನು ವ್ಯರ್ಥಮಾಡಿದೆನು. ಹೆಣ್ಣುಹೂವಿನ ಬೆನ್ನಿಗೆ ಸಣ್ಣ ಕಾಯಿಯ ಆಕಾರವು ಅರಳುವ ಮೊದಲೇ ಅಂಟಿಕೊಂಡಿರುವುದರಿಂದ, ನೋಡಿದವನು ಕಾಯಿ ಕಚ್ಚಿತೆಂದೇ ಭ್ರಮಿಸುತ್ತಾನೆ. ಜೇನು ಬಾರದೆ ಪರಾಗ ಸೋಕದಿದ್ದರೆ ಆ ಮಿಡಿ ನಾಲ್ಕಾರು ದಿನಗಳಲ್ಲಿ ಹಳದಿಯಾಗಿ ಮುರುಟುತ್ತದೆ; ಜೇನು ಬಂದು ಮಿಡಿ ಬಲಿತರೂ, ಹಣ್ಣುನೊಣವು ಚುಚ್ಚಿ ಮೊಟ್ಟೆಯಿಟ್ಟರೆ ಒಳಗಿನಿಂದ ಕೊಳೆಯುತ್ತದೆ. ನಿನ್ನೆ ತೋರಿಸಿದ್ದು ಇಂದು ಕೊಳೆಯಿತೆಂದರೆ ಬೆರಳಿಗೆ ಅಪವಾದ ಬಂದುದು ಸಹಜವೇ. ಹಾಗಿದ್ದರೂ ಎಳೆಯ ಮಿಡಿಯನ್ನು ಮಕ್ಕಳು ಮುಟ್ಟಿ ಹಿಚುಕದಂತೆ ಕಾಯಲು ಈ ಹೆದರಿಕೆಗಿಂತ ಒಳ್ಳೆಯ ಬೇಲಿಯನ್ನು ನಾನು ಕಾಣೆ.

ಗಿಡಗಳಿಗೂ ರೋಗವುಂಟು, ಅದಕ್ಕೆ ಚಿಕಿತ್ಸೆಯುಂಟು ಎಂಬ ಭಾವನೆ ನಮಗೆ ಹೊರಗಿನಿಂದ ಬಂದುದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಚಳಿ, ಗಾಳಿ, ಬಿಸಿಲುಗಳ ದೆಸೆಯಿಂದ ಎಲೆ ಬಿಳಿಚುವುದನ್ನೂ, ಚಿಗುರು ನಿಲ್ಲುವುದನ್ನೂ, ಕೊಂಬೆ ಒಣಗುವುದನ್ನೂ, ರಸ ಸೋರುವುದನ್ನೂ ಲಕ್ಷಣಗಳೆಂದು ಎಣಿಸಿ, ಮೊದಲು ಕೆಟ್ಟ ಭಾಗವನ್ನು ಶಸ್ತ್ರದಿಂದ ತೆಗೆಯಬೇಕೆಂದು ವಿಧಿಸಿದ್ದಾನೆ. ಕನ್ನಡದಲ್ಲಿಯೇ ಇದಕ್ಕೆ ಗ್ರಂಥವುಂಟು: ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ಅಡುಗೆ, ವೈದ್ಯ, ಜಲಶೋಧನೆಗಳೊಡನೆ ವೃಕ್ಷಾಯುರ್ವೇದಕ್ಕೂ ಸ್ಥಾನವನ್ನಿತ್ತಿದೆ. ಅಡುಗೆಯನ್ನೂ ಗಿಡದ ಆರೈಕೆಯನ್ನೂ ನೀರು ಹುಡುಕುವ ವಿದ್ಯೆಯನ್ನೂ ಒಂದೇ ಹೊತ್ತಗೆಯಲ್ಲಿ ಇಟ್ಟ ಆ ಕವಿಯ ವಿವೇಕವು, ಒಂದೊಂದು ಕಾಯಿಲೆಗೆ ಒಂದೊಂದು ಸೀಸೆಯನ್ನು ಮಾರುವ ನಮ್ಮ ಕಾಲದವರಲ್ಲಿ ಕಾಣದು.

ನೀರು ಮೊದಲು ಬಂದುದು ನದಿಯ ಬದಿಯ ಪಟ್ಟಿಗೆ. ವಿಜಯನಗರದ ಅರಸರು ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ತಗ್ಗಾದ ಒಡ್ಡುಗಳನ್ನು ಹಾಕಿಸಿ, ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಗಳ ಕಾಲುವೆಗಳನ್ನು ತೆಗೆಸಿದರು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಪಯಣಿಗ ಪಾಯೆಸನು ರಾಜಧಾನಿಯ ಸುತ್ತಣ ತೋಟಗಳನ್ನೂ ಕಾಯಿಪಲ್ಲೆಯ ಸಮೃದ್ಧಿಯನ್ನೂ ಕಂಡು ಬೆರಗಾಗಿ ಬರೆದುದನ್ನು ರಾಬರ್ಟ್ ಸೀವೆಲನು 1900ರಲ್ಲಿ ಲೋಕಕ್ಕೆ ತಿಳಿಸಿದನು. ಆ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಆದರೆ ಅವು ನದಿಯ ಮಗ್ಗುಲಿನ ಇಕ್ಕಟ್ಟಾದ ಪಟ್ಟಿಯನ್ನು ಮಾತ್ರ ತೊಯ್ಯಿಸಿ ಹೆಚ್ಚಿದ ನೀರನ್ನು ನದಿಗೇ ಮರಳಿಸುತ್ತಿದ್ದುವು. ಮೇಲಿನ ಹೊಲಗಳಿಗೆ ಬಾವಿಯೂ ಕಪಿಲೆಯೂ ಗತಿಯಾಗಿದ್ದುವು. ಎತ್ತುಗಳು ಇಳಿಜಾರಿನಲ್ಲಿ ಇಳಿದು ಎಳೆದ ತೊಗಲಿನ ಬಾನೆಯ ನೀರನ್ನು ಯಾರೂ ಬಳ್ಳಿಯ ಬುಡದಲ್ಲಿ ನಿಲ್ಲುವಂತೆ ಸುರಿಯಲಾರರು. ಆ ನೀರಿಗೆ ಬೆಲೆಯಿದ್ದಿತು. ಧಾತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 1878ರವರೆಗಿನ ಕ್ಷಾಮದಲ್ಲಿ ಬಾವಿಗಳೂ ಬತ್ತಿದ ಮೇಲೆ ಆ ಬೆಲೆಯು ಇನ್ನಷ್ಟು ಆಳವಾಗಿ ಜನರ ಮನಸ್ಸಿನಲ್ಲಿ ಕುಳಿತಿರಬೇಕು.

ಕೊಪ್ಪಳವು ಆಗ ನಿಜಾಮನ ರಾಜ್ಯದಲ್ಲಿ ಸಾಲಾರಜಂಗರ ಜಹಗೀರಿಯಾಗಿದ್ದಿತು. ನದಿಯ ಆಚೆಯ ದಂಡೆ ಮದರಾಸಿನದು. ಎರಡು ಸರ್ಕಾರಗಳ ನಡುವಣ ದೀರ್ಘ ವಾದವಿವಾದಗಳು ಮುಗಿದು, 1945ರ ಫೆಬ್ರವರಿ 28ರಂದು ತುಂಗಭದ್ರೆಯ ಅಣೆಕಟ್ಟಿನ ಶಂಕುಸ್ಥಾಪನೆಯು ಎರಡು ದಂಡೆಗಳಲ್ಲಿಯೂ ನೆರವೇರಿತು. 1953ರಲ್ಲಿ ಎಡದಂಡೆಯ ಕಾಲುವೆಗೆ ನೀರು ಬಿಟ್ಟರು. ಮೂರು ವರ್ಷಗಳಲ್ಲಿ ರಾಯಚೂರು ಜಿಲ್ಲೆಯೊಡನೆ ಈ ಸೀಮೆಯು ಕನ್ನಡನಾಡನ್ನು ಸೇರಿತು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದುವು, ಗಂಗಾವತಿಯು ಅಕ್ಕಿಯ ಊರಾಯಿತು. ಈ ಸಂಪತ್ತನ್ನು ಹಳಿಯುವುದಕ್ಕೆ ನನಗೆ ಅಧಿಕಾರವಿಲ್ಲ. ಆದರೆ ಅಜ್ಜಿ ನಾಲಗೆಗೆ ಸೋಕಿಸಿದ ಉಪ್ಪಿನ ಮೂಲವೂ ಇಲ್ಲಿಯೇ ಇದೆ.

ಎರೆಯ ನೆಲವು ನೀರನ್ನು ಬಲುಬೇಗನೆ ಬಿಟ್ಟುಕೊಡದು. ಬಸಿದುಹೋಗಲು ದಾರಿಯಿಲ್ಲದಲ್ಲಿ ಮೇಲಿಂದ ಮೇಲೆ ನೀರು ನಿಲ್ಲಿಸಿದರೆ ನೆಲದೊಳಗಿನ ನೀರಿನ ಮಟ್ಟವು ವರ್ಷವರ್ಷಕ್ಕೂ ಮೇಲೇರುತ್ತದೆ. ಮಣ್ಣಿನ ಆಳದಲ್ಲಿ ಮಲಗಿದ್ದ ಲವಣವು ಅದರೊಡನೆ ಎದ್ದು ಬರುತ್ತದೆ. ಬೇಸಗೆಯ ಬಿಸಿಲು ನೀರನ್ನು ಹೀರಿ ಲವಣವನ್ನು ಮೇಲೆಯೇ ಬಿಡುತ್ತದೆ. ಬಿಳಿಯ ಹೆಪ್ಪು ಕಟ್ಟಿದ ನೆಲವನ್ನು ಸವಳೆಂದೂ, ನೀರೂರಿ ಕಾಲು ಹುಗಿಯುವುದನ್ನು ಜವಳೆಂದೂ ನಮ್ಮವರು ಕರೆಯುವರು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದರ ಚಿಕಿತ್ಸೆಯನ್ನೇ ಬಹುಕಾಲದಿಂದ ಶೋಧಿಸುತ್ತ ಬಂದಿದ್ದಾರೆ. ಹತ್ತಿಯೂ ಜವೆಗೋಧಿಯೂ ಇಂಥ ಉಪ್ಪನ್ನು ಸಾಕಷ್ಟು ತಾಳುವುವು, ಸೌತೆಯು ತಾಳದು. ಮಣ್ಣಿನ ಲವಣವನ್ನು ಅಳೆಯುವ ವಿದ್ಯುದ್ವಾಹಕತೆಯು ಮೀಟರಿಗೆ 2.5 ಡೆಸಿಸೀಮೆನ್ಸನ್ನು ದಾಟಿತೆಂದರೆ ಇದರ ಇಳುವರಿ ಇಳಿಯತೊಡಗುತ್ತದೆ. ಬೇರು ನೀರಿನೊಳಗೆ ನಿಂತೂ ಬಾಯಾರುವ ವಿಪರ್ಯಾಸವನ್ನು ಬಳ್ಳಿಯು ಎಲೆಯಂಚಿನ ಸುಡುವಿಕೆಯಿಂದ ತಿಳಿಸುತ್ತದೆ. ಹೊಸಬನು ಅದನ್ನು ನೀರಿನ ಕೊರತೆಯೆಂದು ಬಗೆದು ಮತ್ತೊಂದು ಕೊಡವನ್ನು ಸುರಿಯುತ್ತಾನೆ. ನಾನು ಮಾಡಿದುದೂ ಅದನ್ನೇ.

ನೀರಿನೊಡನೆ ಬಂದ ಇನ್ನೊಂದು ವ್ಯಾಧಿ ಬೂಜುತುಪ್ಪಟ. ಎಲೆಯ ಮೇಲೆ ನರಗಳ ನಡುವೆ ಮೂಲೆಮೂಲೆಯಾಗಿ ಕತ್ತರಿಸಿಟ್ಟಂಥ ಹಳದಿಯ ಮಚ್ಚೆ, ಬೆಳಗಿನ ಇಬ್ಬನಿಯಲ್ಲಿ ಎಲೆಯನ್ನು ತಿರುಹಿದರೆ ಅದರ ಅಡಿಗೆ ಬೂದುನೇರಳೆ ಬಣ್ಣದ ಬೂಜು. ಇಷ್ಟು ಕಂಡರೆ ಸಂದೇಹ ಬೇಡ. ಎಲೆಯ ಮೇಲೆ ತೇವವು ಗಂಟೆಗಟ್ಟಲೆ ನಿಲ್ಲದೆ ಇದು ತಗುಲದು. 1868ರಲ್ಲಿ ಬರ್ಕ್ಲಿ, ಕರ್ಟಿಸರೆಂಬ ಪಂಡಿತರು ಕ್ಯೂಬಾ ದ್ವೀಪದಿಂದ ಬಂದ ಎಲೆಗಳಲ್ಲಿ ಇದನ್ನು ಕಂಡು ವರ್ಣಿಸಿದುದರಿಂದ ಇದರ ಶಾಸ್ತ್ರೀಯ ನಾಮದಲ್ಲಿ ಕ್ಯೂಬೆನ್ಸಿಸ್ ಎಂದಿದೆ. ನಮ್ಮ ಸೀಮೆಯ ಹಣ್ಣುನೊಣವನ್ನು ಶಾಸ್ತ್ರಜ್ಞರು ಮೊದಲು ವರ್ಣಿಸಿದುದು 1899ರಲ್ಲಿ, ಹವಾಯಿಯ ಮಾದರಿಯಿಂದ. ಹುಟ್ಟೂರು ಒಂದು, ಹೆಸರಿಟ್ಟ ಊರು ಇನ್ನೊಂದು. ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೊಂದಿದೆ. ಅಮೆರಿಕದ ದಕ್ಷಿಣ ಕ್ಯಾರೊಲಿನಾದವರು ಬೂಜುತುಪ್ಪಟವನ್ನು ತಡೆಯುವ ತಳಿಗಾಗಿ ಹುಡುಕುತ್ತಿದ್ದಾಗ, ಭಾರತದಿಂದ ಕೊಂಡೊಯ್ದಿದ್ದ ಒಂದು ಸೌತೆಯ ಬೀಜದಲ್ಲಿ ಆ ಗುಣವನ್ನು ಕಂಡು, ಅದನ್ನು ತಮ್ಮ ಸೌತೆಗೆ ಕೂಡಿಸಿ, 1960ರ ದಶಕದಲ್ಲಿ ಪಾಯಿನ್‌ಸೆಟ್ ಎಂಬ ತಳಿಯನ್ನು ಹೊರತಂದರು. ನಾನು ಬಿತ್ತಿದ ಪೊಟ್ಟಣದ ಮೇಲೆ ಇದ್ದುದೂ ಅದೇ ಹೆಸರು. ಭಾರತದ ಯಾವುದೋ ಹೊಲದ ರೋಗನಿರೋಧವು ಸಮುದ್ರ ದಾಟಿ ಹೋಗಿ, ಹೊಸ ಹೆಸರು ಧರಿಸಿ, ಬೆಲೆ ಕಟ್ಟಿಸಿಕೊಂಡು ನನ್ನ ಹಿತ್ತಲಿಗೆ ಮರಳಿದ್ದಿತು. ಅಮೆರಿಕದಲ್ಲಿ ಆ ನಿರೋಧಶಕ್ತಿಯು ನಾಲ್ಕು ದಶಕಗಳ ಕಾಲ ನಿಂತು, 2004ರಲ್ಲಿ ಬಂದ ಹೊಸ ಬೂಜಿನ ಮುಂದೆ ಸೋತಿತು.

ಬೂದಿರೋಗವು ಇದಕ್ಕೆ ಪ್ರತಿಪಕ್ಷ. ಅದು ಒಣಹವೆಯನ್ನು ಮೆಚ್ಚಿ, ಎಲೆಯ ಮೇಲ್ಗಡೆ ಹಿಟ್ಟು ಚೆಲ್ಲಿದಂತೆ ಹರಡುತ್ತದೆ. ನಮ್ಮವರು ಕೆಂಪು ದುಂಬಿಯನ್ನು ಓಡಿಸಲು ಎಳೆಯ ಬಳ್ಳಿಗಳಿಗೆ ಮುಂಜಾನೆ ಒಲೆಯ ಬೂದಿಯನ್ನು ಎರಚುತ್ತಿದ್ದುದರಿಂದ, ಎರಚಿದ ಬೂದಿ ಯಾವುದು, ರೋಗದ ಬೂದಿ ಯಾವುದು ಎಂದು ತಿಳಿಯದೆ ಹೊಸಬರು ಗಾಬರಿಯಾಗುವರು. ಬೆರಳಿನಿಂದ ಒರಸಿ ಮರುದಿನ ನೋಡಿದರೆ ಉತ್ತರ ಸಿಕ್ಕುತ್ತದೆ. ಗಂಧಕವು ಇದಕ್ಕೆ ಹಳೆಯ ಮದ್ದಾದರೂ, ನಮ್ಮ ಬಿರುಬಿಸಿಲಿನಲ್ಲಿ ಅದು ಸೌತೆಯ ಎಲೆಯನ್ನೇ ಸುಟ್ಟೀತು. ಔಷಧ ಸಿಂಪಡಿಸುವ ಪದ್ಧತಿಯೇ ಕನ್ನಡನಾಡಿಗೆ ಬಂದು ಬಹಳ ಕಾಲವಾಗಿಲ್ಲ: ಫ್ರಾನ್ಸಿನ ದ್ರಾಕ್ಷಿತೋಟದವರು ಹಾದಿಹೋಕರು ಹಣ್ಣು ಕದಿಯದಿರಲೆಂದು ಬಳಿದ ಮೈಲುತುತ್ತ, ಸುಣ್ಣಗಳ ಮಿಶ್ರಣವು ಬೂಜನ್ನೂ ತಡೆಯುವುದೆಂದು ಮಿಲಾರ್ಡೆ 1885ರಲ್ಲಿ ಪ್ರಕಟಿಸಿದನು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನನು ಅದೇ ಬೋರ್ಡೋ ದ್ರಾವಣವನ್ನು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬಳಸಿ ರೂಢಿಗೆ ತಂದನು. ನಿಜಾಮನ ಸೀಮೆಯ ಸವತಿಗೆ ಆ ಭಾಗ್ಯವು ಬಹಳ ತಡವಾಗಿ, ಕಾಲುವೆಯ ಹಿಂದಿನಿಂದ, ಅಂಗಡಿಗಳ ಮೂಲಕ ಬಂದಿತು. ಇನ್ನು ಎಲೆಯು ಹಸುರು ಹಳದಿಗಳಿಂದ ಚಿತ್ತಾರವಾಗಿ ಸುಕ್ಕುಗಟ್ಟುವ ನಂಜುರೋಗಕ್ಕಂತೂ ಯಾವ ಔಷಧವೂ ಇಲ್ಲ. 1916ರಲ್ಲಿ ಅಮೆರಿಕದಲ್ಲಿ ಡೂಲಿಟ್ಲ್, ಜ್ಯಾಗರ್ ಎಂಬಿಬ್ಬರು ಅದನ್ನು ಬೇರೆಬೇರೆಯಾಗಿ ಗುರುತಿಸಿದಂದಿನಿಂದ ಇಂದಿನವರೆಗೂ ವಿಧಿ ಒಂದೇ: ಬಳ್ಳಿಯನ್ನು ಕಿತ್ತು ಸುಡುವುದು, ನಂಜನ್ನು ಹೊತ್ತುತರುವ ಸಸ್ಯಹೇನನ್ನು ತಡೆಯುವುದು.

ಈಚಿನ ಮೂರು ದಶಕಗಳ ಕಥೆಯನ್ನು ಬೇಗನೆ ಹೇಳಿಬಿಡುವೆನು. ಸೀಸೆಯಲ್ಲಿ ಉಪ್ಪುಹುಳಿಗೆ ಹಾಕಿ ಪರದೇಶಕ್ಕೆ ಕಳುಹಿಸುವ ಮಿಡಿಸೌತೆಯು 1990ರ ದಶಕದಿಂದ ಕರ್ನಾಟಕದಲ್ಲಿ ಹಬ್ಬಿತು. ಕಂಪನಿಯವರೇ ಬೀಜ ಕೊಟ್ಟು, ಔಷಧದ ದಿನಗಳನ್ನು ಗೊತ್ತುಮಾಡಿ, ಕಾಯಿಯ ಗಾತ್ರ ನೋಡಿ ದರ ಕಟ್ಟಿ ಒಯ್ಯುವ ಕರಾರಿನ ಬೇಸಾಯವಿದು. 2020-21ರಲ್ಲಿ ದೇಶದಿಂದ ಹೋದ ಸೌತೆ, ಮಿಡಿಸೌತೆಗಳು ಎರಡು ಲಕ್ಷ ಟನ್ನನ್ನು ಮೀರಿದುವು. 2014ರ ಕೃಷಿಭಾಗ್ಯ ಯೋಜನೆಯ ಸಹಾಯಧನದಿಂದ ಎದ್ದ ಪಾಲಿಹೌಸುಗಳಲ್ಲಿ ಜೇನಿನ ಹಂಗಿಲ್ಲದೆ ಕಾಯಿ ಬಿಡುವ, ಬೀಜವಿಲ್ಲದ ಸೌತೆಯೂ ಬಂದಿತು. ಅದರಲ್ಲಿ ಬೀಜಕ್ಕೆ ಬಿಡಲು ಕಾಯಿಯೇ ಇಲ್ಲ. ಇಷ್ಟಾದರೂ ಈ ಸೀಮೆಯ ಜೀವವು ಕಾಲುವೆಯ ಮೇಲೆಯೇ ನಿಂತಿದೆಯೆಂಬುದು, 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಹರಿದು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟುದರಿಂದ ತಿಳಿಯಿತು.

ಅಜ್ಜಿಯ ಮಾತಿನಂತೆ ನಾನು ಪಾತಿಯನ್ನು ಕೆಡಿಸಿ, ಗೇಣೆತ್ತರದ ಬೋದು ಏರಿಸಿ, ಅದರ ಮಗ್ಗುಲಿಗೆ ಬಸಿಗಾಲುವೆಯನ್ನು ತೋಡಿದೆನು. ಮೊದಲ ಮಳೆಗಳು ಉಪ್ಪನ್ನು ತೊಳೆದು ಹೋಗಲೆಂದು ಬಿಟ್ಟು, ತಿಪ್ಪೆಯ ಕಳಿತ ಗೊಬ್ಬರವನ್ನು ಸೇರಿಸಿ, ಪುನರ್ವಸು ಮಳೆಯಲ್ಲಿ ಮತ್ತೆ ಹನ್ನೆರಡು ಬೀಜಗಳನ್ನು ಬಿತ್ತಿದೆನು. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಮಾತ್ರ, ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ಒಣಗಿದುದು ತಿಳಿದ ಮೇಲೆಯೇ ಹಾಕುತ್ತೇನೆ. ಕೆಟ್ಟ ಎಲೆಯನ್ನು ವರಾಹಮಿಹಿರನ ವಿಧಿಯಂತೆ ಕತ್ತರಿಸುತ್ತೇನೆ. ಜೇನು ಬಾರದ ಮೋಡದ ದಿನಗಳಲ್ಲಿ ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣುಹೂವಿನ ನಡುವೆ ಮೆಲ್ಲನೆ ಒತ್ತುತ್ತೇನೆ. ಹನ್ನೆರಡರಲ್ಲಿ ಎರಡು ಬಳ್ಳಿಗಳು ನಂಜಿಗೆ ಹೋದುವು. ಉಳಿದ ಹತ್ತರಲ್ಲಿ ಕಾಯಿ ನಿಂತಿದೆ.

ಅಜ್ಜಿಯ ಮನೆಯ ಗೋಡೆಯ ಮೇಲೆ ಈಗ ಕುಳ್ಳಿಲ್ಲ. ಹೊಲದ ಸವತಿಯ ಬೀಜವು ಅವಳಲ್ಲಿ ತೀರಿ ಬಹಳ ವರ್ಷಗಳಾದುವು. ಇಲ್ಲಿಗೆ ಹತ್ತಿರದ ಮುನಿರಾಬಾದಿನಲ್ಲಿಯೇ ತೋಟಗಾರಿಕೆ ಮಹಾವಿದ್ಯಾಲಯವಿದೆ. ಕುಷ್ಟಗಿ, ಯಲಬುರ್ಗಾಗಳ ಕಡೆ ಮಳೆಯ ಹೊಲಗಳಿನ್ನೂ ಇವೆ. ಈ ಲೇಖನವನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಅಕ್ಕಡಿ ಸಾಲಿನ ಆ ಸವತಿಯ ಬೀಜವು ಉಳಿದಿದ್ದರೆ, ಹತ್ತು ಬೀಜವನ್ನು ಆ ವಿದ್ಯಾಲಯಕ್ಕೂ ಹತ್ತು ಬೀಜವನ್ನು ನೆರೆಯವರಿಗೂ ದಯಮಾಡಿ ಕೊಡಿರಿ.